ಹಂಡೆ ಕಲಾಯಿಗೆ ಹೋಗಿದೆ

ದಸರೆಗೆಂದು ಮೈಸೂರಿಗೆ ಬರುವ ನೆಂಟರು ಬರುವಾಗ ಬರಿಗೈ, ಹೋಗುವಾಗ ಮೈಸೂರುಪಾಕು. ಈ ಕಟ್ಟಳೆಯನ್ನು 2025ರ ದಸರೆಯಲ್ಲಿ ಮುರಿದವನು ನನ್ನ ತಂಗಿಯ ಮಗ. ಬೆಂಗಳೂರಿನಿಂದ ಬಂದವನೇ ಬೆನ್ನಿನ ಚೀಲವನ್ನು ಸೋಫಾದ ಮೇಲೆ ಇಳಿಸಿದ. ಸೋಫಾ ನರಳಿತು. ಒಳಗಿಂದ ಐದು ಗಟ್ಟಿಗಳನ್ನು ತೆಗೆದು ಟೀಪಾಯಿಯ ಮೇಲೆ, ನಾನು ಓದುತ್ತಿದ್ದ ಪೇಪರಿನ ಮೇಲೇ, ಸಾಲಾಗಿ ಜೋಡಿಸಿದ. ಒಂದೊಂದೂ ನೋಡಲು ಸ್ನಾನದ ಸೋಪಿನಷ್ಟು, ಎತ್ತಲು ಹೋದರೆ ಪೂರಾ ಒಂದು ಕಿಲೋ. ಕೆಂಪಗೆ ಮಿರಮಿರ ಮಿಂಚುತ್ತಿದ್ದವು. ಹಣೆಯ ಮೇಲೆ 999.9 ಎಂಬ ಮುದ್ರೆ.

ನನ್ನವಳು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಏನೋ ಇದು, ಚಿನ್ನವೇನೋ?"

"ತಾಮ್ರ ಅತ್ತೆ."

"ಓ, ತಾಮ್ರವಾ" ಎಂದವಳೇ ಒಗ್ಗರಣೆ ಸೀದೀತೆಂದು ಒಳಗೆ ಹೋದಳು. 1877ರಿಂದ ಲಂಡನ್ನಿನ ಮೆಟಲ್ ಎಕ್ಸ್‌ಚೇಂಜಿನವರು ತಲೆ ಕೆಡಿಸಿಕೊಂಡು ಮಾಡುತ್ತಿರುವ ಬೆಲೆಕಟ್ಟುವ ಕೆಲಸವನ್ನು ಅವಳು ಒಂದು 'ಓ'ದಲ್ಲಿ ಮುಗಿಸಿದ್ದಳು.

ಹುಡುಗನ ಉತ್ಸಾಹ ತಗ್ಗಲಿಲ್ಲ. ಚಿನ್ನ, ಬೆಳ್ಳಿ ಎರಡೂ ಕೈಗೆಟುಕದಷ್ಟು ಏರಿಯಾಗಿದೆ, ಇನ್ನು ಏರುವ ಸರದಿ ತಾಮ್ರದ್ದು ಎಂದ. ಒಂದು ಎಲೆಕ್ಟ್ರಿಕ್ ಕಾರಿಗೆ ಸುಮಾರು ಎಂಬತ್ತು ಕಿಲೋ ತಾಮ್ರ ಬೇಕು, ಪೆಟ್ರೋಲ್ ಕಾರಿಗಾದರೆ ಅದರ ಕಾಲು ಭಾಗ ಎಂದ. ಗಾಳಿಯಂತ್ರ, ಸೋಲಾರು, ಡೇಟಾ ಸೆಂಟರು ಎಲ್ಲಕ್ಕೂ ಅದೇ ಬೇಕು. ತೂತ್ತುಕುಡಿಯ ದೊಡ್ಡ ಕರಗಿಸುವ ಕಾರ್ಖಾನೆ 2018ರಲ್ಲಿ ಮುಚ್ಚಿದ ಮೇಲೆ, ಹೊರಗೆ ಕಳಿಸುತ್ತಿದ್ದ ನಮ್ಮ ದೇಶವೇ ಈಗ ತಾಮ್ರ ತರಿಸಿಕೊಳ್ಳುತ್ತಿದೆ ಎಂದ. ಒಂದೂ ಸುಳ್ಳಲ್ಲ. ಕೇಳುತ್ತ ಕೇಳುತ್ತ ನನಗೂ ಟೀಪಾಯಿಯ ಮೇಲೆ ಸಣ್ಣ ಮಟ್ಟಿಗೆ ಗೌರವ ಬಂತು.

"ಒಂದಕ್ಕೆ ಎಷ್ಟು ಕೊಟ್ಟೆ?"

"ಎರಡು ಸಾವಿರದ ಇನ್ನೂರು. ಆನ್‌ಲೈನು."

"ಮಾರ್ಕೆಟ್ ರೇಟು?"

"ಸಾವಿರದ ಹತ್ತಿರ ಇದೆ. ಆದರೆ ಮಾವ, ಇದು ಬುಲಿಯನ್."

ಸಾವಿರ ರೂಪಾಯಿಯ ಮಾಲಿಗೆ ಎರಡು ಸಾವಿರದ ಇನ್ನೂರು ಕೊಟ್ಟು ಬಂದವನಿಗೆ ಬೇಕಾಗುವ ಸಮಾಧಾನದ ಹೆಸರು ಬುಲಿಯನ್ ಎಂದು ನನಗೆ ಆವತ್ತು ತಿಳಿಯಿತು. ಚಿನ್ನ ಕೊಂಡರೆ ಜಿಎಸ್‌ಟಿ ನೂರಕ್ಕೆ ಮೂರು, ತಾಮ್ರದ ಗಟ್ಟಿ ಕೊಂಡರೆ ಹದಿನೆಂಟು. ಚಿನ್ನ ಕೊಳ್ಳುವವರ ಕಷ್ಟ ಸರ್ಕಾರಕ್ಕೂ ಗೊತ್ತು. ಅಮೆರಿಕದಲ್ಲಿ ಇದಕ್ಕಿಂತ ಒಂದು ಕೈ ಮೇಲು: ಔನ್ಸು ತೂಕದ ತಾಮ್ರದ ಬಿಲ್ಲೆಗೆ ಹದ್ದಿನ ಚಿತ್ರ ಒತ್ತಿ, ಒಳಗಿರುವ ಲೋಹಕ್ಕಿಂತ ನಾಲ್ಕೈದು ಪಟ್ಟು ಬೆಲೆಗೆ ಮಾರುತ್ತಾರಂತೆ. ಹದ್ದಿನ ಬೆಲೆ ತಾಮ್ರಕ್ಕಿಂತ ಜಾಸ್ತಿ. ತಾಮ್ರ ಎಂದಾದರೂ ಮಾರಿಹೋದೀತು, ಹದ್ದನ್ನು ತಿರುಗಿ ಯಾರು ಕೊಳ್ಳುತ್ತಾರೆ?

ರಾತ್ರಿ ದೀಪಾಲಂಕಾರ ನೋಡಲು ಕೆ.ಆರ್. ವೃತ್ತಕ್ಕೆ ಹೋದೆವು. ಹುಡುಗ ಮೇಲೆ ತೂಗುವ ದೀಪದ ಸರ ತೋರಿಸಿ, "ನೋಡಿ ಮಾವ, ಅದರೊಳಗೆ ಓಡೋದೆಲ್ಲ ತಾಮ್ರದಲ್ಲೇ" ಎಂದ. ನಾನೂ ಸುಮ್ಮನಿರಲಿಲ್ಲ. ಇದೆಲ್ಲ ನಮ್ಮ ಸಂಸ್ಥಾನಕ್ಕೆ ಹಳೇ ಕಥೆ ಕಣೋ, 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ತಯಾರಿಸಿ ತೊಂಬತ್ತೆರಡು ಮೈಲಿ ತಾಮ್ರದ ತಂತಿ ಎಳೆದಿದ್ದರು ಎಂದೆ. ಎಲ್ಲಿಗೆ ಎಂದು ಕೇಳಿದ. ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ, ಮಹಾರಾಜರೇ ಇದ್ದ ಮೈಸೂರಿಗೆ 1908ರಲ್ಲಿ. ಅದಕ್ಕೆಲ್ಲ ಮೊದಲು ಚಿನ್ನ ತೆಗೆಯುವುದಕ್ಕೆ. ತಾಮ್ರ ಮೈಮುರಿದು ದುಡಿಯಿತು, ಚಿನ್ನ ಮೇಲೆ ಬಂದು ಹೆಸರು ಮಾಡಿತು. ಹುಡುಗ ಅಷ್ಟು ಹೊತ್ತು ಸುಮ್ಮನಿದ್ದು, "ಅಂದರೆ ಅಂಡರ್‌ವ್ಯಾಲ್ಯೂಡ್" ಎಂದ.

ಹೊರಡುವಾಗ ಗಟ್ಟಿಗಳನ್ನು ನನ್ನ ಬಳಿಯೇ ಬಿಟ್ಟ. "ಪೀಜಿಯಲ್ಲಿ ಇಡೋದು ಕಷ್ಟ ಮಾವ. ನೀವು ಬ್ಯಾಂಕಿನವರು."

ಬ್ಯಾಂಕಿನವನು ನಿಜ. ಮೂವತ್ತೇಳು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಒಡವೆ ಸಾಲದ ಕೌಂಟರಿನ ಹಿಂದೆ ಕಳೆದಿದ್ದೇನೆ. ಎಂಥೆಂಥ ಬಳೆ, ಸರ, ಡಾಬು ನನ್ನ ಮುಂದೆ ಒರೆಗಲ್ಲಿಗೆ ಉಜ್ಜಿಸಿಕೊಂಡು ಹೋಗಿವೆ. ಅವುಗಳಲ್ಲಿ ಒಂದೂ ಬರಿಯ ಚಿನ್ನವಲ್ಲ. ಸಾವಿರ ಭಾಗದಲ್ಲಿ 916 ಚಿನ್ನವಾದರೆ ಉಳಿದ ಎಂಬತ್ನಾಲ್ಕರಲ್ಲಿ ದೊಡ್ಡ ಪಾಲು ತಾಮ್ರದ್ದು. ಅದು ಸೇರದಿದ್ದರೆ ಬಳೆ ಕೈಯಲ್ಲಿ ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ. ನಾವು ಆ ಎಂಬತ್ನಾಲ್ಕನ್ನು ಕಳೆದು ಸಾಲ ಕೊಡುತ್ತಿದ್ದೆವು. ಅಂದರೆ ನಾನು ಸಂಬಳ ತೆಗೆದುಕೊಂಡಿದ್ದೇ ತಾಮ್ರವನ್ನು ಲೆಕ್ಕದಿಂದ ಹೊರಗಿಡುವುದಕ್ಕೆ. ಈಗ ಅದೇ ತಾಮ್ರ ಮನೆಗೆ ಬಂದು ಕೂತಿದೆ.

ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಲಕ್ಷ ರೂಪಾಯಿಗೆ ಆಗಿನ ದರದಲ್ಲಿ ಚಿನ್ನ ಎಂಟೊಂಬತ್ತು ಗ್ರಾಂ: ಒಂದು ಉಂಗುರ, ಬೆರಳಿಗೆ ಹಾಕಿ ಮರೆತುಬಿಡಬಹುದು. ಅದೇ ಲಕ್ಷಕ್ಕೆ ತಾಮ್ರ ನೂರು ಕಿಲೋ: ಒಂದು ಬಕೆಟ್ ತುಂಬುತ್ತದೆ, ಆದರೆ ಆ ಬಕೆಟ್ಟನ್ನು ಎತ್ತಲು ಇಬ್ಬರು ಬೇಕು. ನಮ್ಮ ಲಾಕರಿನಲ್ಲಿ ಇಟ್ಟರೆ ಹಲಗೆ ಬಾಗುತ್ತದೆ. ಪೇಟೆಯಲ್ಲಿ ವಾಯಿದೆ ವ್ಯಾಪಾರ ಮಾಡೋಣವೆಂದರೆ ಎಂಸಿಎಕ್ಸ್‌ನಲ್ಲಿ ಒಂದು ಲಾಟೇ ಎರಡೂವರೆ ಟನ್ನು; ಸಮಯಕ್ಕೆ ಮಾರಲು ಮರೆತು ಅದು ಲಾರಿಯಲ್ಲಿ ಮನೆಬಾಗಿಲಿಗೆ ಬಂದು ಇಳಿಯಿತೆಂದು ಅರೆನಿದ್ದೆಯಲ್ಲಿ ಕನಸು ಬಿತ್ತು. ಇಳಿಸುವವರು ಕೂಲಿ ಕೇಳುತ್ತಿದ್ದರು. ತಾಮ್ರದ ಮೇಲೆ ಅಚಲವಾದ ನಂಬಿಕೆ ಇಟ್ಟವರು ನನಗೆ ತಿಳಿದಂತೆ ಈ ದೇಶದಲ್ಲಿ ಒಂದೇ ವರ್ಗ, ರಾತ್ರಿ ಪಂಪ್‌ಸೆಟ್ಟಿನ ಕೇಬಲ್ಲು ಕತ್ತರಿಸಿಕೊಂಡು ಹೋಗುವವರು. ಅವರಿಗೂ ಹೊರುವ ಕಷ್ಟ ತಪ್ಪಿದ್ದಲ್ಲ.

ಬೆಳಗಿನ ಜಾವಕ್ಕೆ ನೆನಪಾಯಿತು, ನಮ್ಮ ಮನೆತನದಲ್ಲಿ ತಾಮ್ರದಲ್ಲಿ ದುಡ್ಡು ಹೂಡಿದವರಲ್ಲಿ ಈ ಹುಡುಗ ಮೊದಲನೆಯವನಲ್ಲ.

ಕೃಷ್ಣಮೂರ್ತಿಪುರದ ವಠಾರದ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಆಸ್ತಿ ಇದ್ದದ್ದು ಬಚ್ಚಲುಮನೆಯಲ್ಲಿ. ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದ ತಾಮ್ರದ ಹಂಡೆ. ಖಾಲಿ ಹಂಡೆಯ ತೂಕ ಹನ್ನೊಂದೂವರೆ ಕಿಲೋ. ಈ ಅಂಕಿ ನನ್ನ ಹುಟ್ಟಿದ ತಾರೀಕಿನಷ್ಟೇ ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ಆಮೇಲೆ ಹೇಳುತ್ತೇನೆ. ತಳ, ಹೊಟ್ಟೆ ಮಸಿ ಹಿಡಿದು ಕಪ್ಪಾಗಿದ್ದರೂ ಕಂಠ ಮಾತ್ರ ಅಜ್ಜಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳಗುತ್ತಿತ್ತು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಕ್ಷರದಲ್ಲಿ ಅವಳ ಹೆಸರು. ಆ ಹೆಸರಿನ ಕೊನೆಯಲ್ಲಿ 'ಮ್ಮ' ಬರಬೇಕು. ಕುಟ್ಟಿದವನು ಜಾಗ ಅಂದಾಜು ಮಾಡದೆ ಸಾಲನ್ನು ಕೆಳಗೆ ಜಾರಿಸಿದ್ದರಿಂದ ಒತ್ತಕ್ಷರ ಬರುವ ಹೊತ್ತಿಗೆ ಏಣು ಅಡ್ಡ ಬಂದು, ಬರೀ 'ಮ' ಉಳಿದಿತ್ತು. "ನಮ್ಮಪ್ಪ ಅಕ್ಷರಕ್ಕಿಷ್ಟು ಅಂತ ಕೊಟ್ಟಿರಬೇಕು. ಒತ್ತಿಗೆ ಕಾಸು ಉಳಿದಿಲ್ಲ" ಎಂದು ಅಜ್ಜಿ ನಗುತ್ತಿದ್ದಳು.

ವಠಾರದ ಉಳಿದ ಮನೆಗಳಲ್ಲಿ ಹಂಡೆಯನ್ನು ಒಲೆಗೆ ಕೂರಿಸಿ ಸುತ್ತ ಮಣ್ಣು ಮೆತ್ತಿ ಭದ್ರ ಮಾಡಿದ್ದರು. ಹಾಗೆ ಮಾಡಿದರೆ ಶಾಖ ಹೊರಗೆ ಹೋಗುವುದಿಲ್ಲ, ಸೌದೆ ಉಳಿಯುತ್ತದೆ. ನಮ್ಮ ಹಂಡೆ ಮಾತ್ರ ಮೂರು ಕಲ್ಲಿನ ಮೇಲೆ ಬಿಡಿಯಾಗಿ ಕೂತಿರುತ್ತಿತ್ತು. ಗಾರೆಯವನು ಬಂದಾಗ ಅಪ್ಪ ಎರಡು ಸಲ ಮೆತ್ತಿಸಲು ಹೋದರಂತೆ, ಅಜ್ಜಿ ಬಿಡಲಿಲ್ಲ. ಬ್ಯಾಂಕಿಗೆ ಸೇರಿ, ಆಸ್ತಿಯನ್ನು ಬೇಕೆಂದಾಗ ರೊಕ್ಕ ಮಾಡಿಕೊಳ್ಳುವಂತೆ ಇಟ್ಟುಕೊಳ್ಳಬೇಕು, ಅದಕ್ಕೆ ಲಿಕ್ವಿಡಿಟಿ ಎನ್ನುತ್ತಾರೆ ಎಂದು ಟ್ರೇನಿಂಗಿನಲ್ಲಿ ಹೇಳಿಕೊಟ್ಟಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಮೂರು ಕಲ್ಲು.

ಜೂನ್ ತಿಂಗಳು ಸ್ಕೂಲು ಶುರುವಾಗುತ್ತಿದ್ದಂತೆ ಹಂಡೆ ಕಲ್ಲಿನಿಂದ ಇಳಿಯುತ್ತಿತ್ತು. ಅಜ್ಜಿ ಹಿಂದಿನ ರಾತ್ರಿಯೇ ಹಳೇ ಕುಡುಗೋಲಿನ ಬೆನ್ನಿನಿಂದ ಮಸಿಯನ್ನೆಲ್ಲ ಕೆರೆದು ತೆಗೆಯುವಳು. ಮಸಿ ಇದ್ದರೆ ಸೇಟು ಅದರ ತೂಕವೆಂದು ಕಾಲು ಕಿಲೋ ಮುರಿಯುತ್ತಿದ್ದ; ಇಲ್ಲದಿದ್ದರೂ ಮುರಿಯುತ್ತಿದ್ದ, ಆದರೆ ಆಗ ಜಗಳಕ್ಕೆ ಅಜ್ಜಿಯ ಕಡೆ ನ್ಯಾಯ ಇರುತ್ತಿತ್ತು. ಮಾರನೇ ಸಂಜೆ ದೀಪ ಹಚ್ಚುವ ಹೊತ್ತಿಗೆ, ಮುಖ ಕಾಣದಷ್ಟು ಕತ್ತಲಾಗಬೇಕು ಆದರೆ ಅಂಗಡಿ ಬಾಗಿಲು ಹಾಕಿರಬಾರದು, ಆ ಅಳತೆಯ ಮುಸ್ಸಂಜೆಯಲ್ಲಿ ಹಂಡೆಗೆ ಹಳೇ ಸೀರೆ ಸುತ್ತಿ ಜಟಕಾದಲ್ಲಿ ಇಡುತ್ತಿದ್ದೆವು. ಅಜ್ಜಿ ಒಂದು ಕಡೆ, ನಾನು ಇನ್ನೊಂದು ಕಡೆ, ನಡುವೆ ಮುಸುಕು ಹಾಕಿದ ಮದುವಣಗಿತ್ತಿಯ ಹಾಗೆ ಹಂಡೆ. ಅಪ್ಪ ಬರುತ್ತಿರಲಿಲ್ಲ. ಅವತ್ತು ಅವರಿಗೆ ತಪ್ಪದೆ ಲೈಬ್ರರಿಯಲ್ಲಿ ಕೆಲಸವಿರುತ್ತಿತ್ತು.

ವಠಾರದ ಬಾಗಿಲಲ್ಲಿ ಯಾರಾದರೊಬ್ಬರು ಎದುರಾಗಿಯೇ ಆಗುತ್ತಿದ್ದರು. "ಏನಮ್ಮ, ಹಂಡೆ ಎಲ್ಲಿಗೆ ಹೊರಟಿತು?"

"ಕಲಾಯಿಗೆ" ಎನ್ನುತ್ತಿದ್ದಳು ಅಜ್ಜಿ.

ಈ ಮಾತಿನ ಸೊಗಸು ಈಗಿನವರಿಗೆ ಹೇಳದೆ ತಿಳಿಯುವುದಿಲ್ಲ. ಕಲಾಯಿ ಹಾಕಿಸುವುದು ಅಡುಗೆಯ ಪಾತ್ರೆಗೆ. ತಾಮ್ರ, ಹಿತ್ತಾಳೆಯಲ್ಲಿ ಹುಳಿ, ಮೊಸರು ಇಟ್ಟರೆ ಕಿಲುಬು ಬರುತ್ತದೆಂದು ಒಳಗೆ ತವರ ಸವರಿಸುತ್ತಿದ್ದರು. ಕಲಾಯಿ ಸಾಬರು ಬೀದಿ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿದರೆ ಬಿಳಿ ಹೊಗೆ ಭುಸ್ಸೆಂದು ಏಳುತ್ತಿತ್ತು. ತವರದ ಕಡ್ಡಿ ಒಮ್ಮೆ ಮುಟ್ಟಿಸಿ ಅರಳೆಯಲ್ಲಿ ಸರಸರನೆ ಒರೆಸಿದರೆ ಕೆಂಪು ಪಾತ್ರೆಯ ಒಳಗೆ ಬೆಳ್ಳಿಯ ಬೆಳಕು. ನಾವು ಹುಡುಗರು ಕೆಮ್ಮುತ್ತ ಅಲ್ಲೇ ನಿಂತಿರುತ್ತಿದ್ದೆವು. ಆದರೆ ಬಚ್ಚಲ ಹಂಡೆಗೆ ಕಲಾಯಿ ಹಾಕಿಸಿದವರನ್ನು ಭೂಮಿಯ ಮೇಲೆ ಯಾರೂ ಕಂಡಿಲ್ಲ. ಸ್ನಾನದ ನೀರಿಗೆಂಥ ಕಲಾಯಿ! ಇದು ಅಜ್ಜಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಆದರೂ ಅವರು, "ಹೌದಮ್ಮ, ಆಗಾಗ ಹಾಕಿಸಬೇಕು" ಎಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಯಾಕೆಂದರೆ ಆ ವಠಾರದಲ್ಲಿ ಎಲ್ಲರ ಮನೆಯದೂ ಏನಾದರೊಂದು ವರ್ಷಕ್ಕೊಮ್ಮೆ ಕಲಾಯಿಗೆ ಹೋಗುತ್ತಿತ್ತು. ಮೂಲೆಮನೆಯವರ ಹೊಲಿಗೆ ಯಂತ್ರ ಕೂಡ ಒಂದು ಸಲ ಹೋಗಿತ್ತು.

ಅಶೋಕ ರಸ್ತೆಯ ಕಡೆಯ ಆ ಗಿರವಿ ಅಂಗಡಿಯಲ್ಲಿ ದೊಡ್ಡ ತಕ್ಕಡಿ ಇತ್ತು. ಹಂಡೆಯನ್ನು ತೂಗುಹಾಕಿ ಕಲ್ಲು ಇಡುವಾಗ ನಾನು ಮುಳ್ಳನ್ನೇ ನೋಡುತ್ತಿರಬೇಕೆಂದು ಅಜ್ಜಿಯ ಅಪ್ಪಣೆ. ಹನ್ನೊಂದೂವರೆ. ಪ್ರತಿ ವರ್ಷ ಹನ್ನೊಂದೂವರೆ. ಸೇಟು ಬೆಲೆಯ ಅರ್ಧ ಕೊಟ್ಟು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಬರೆದುಕೊಂಡು, ಹಂಡೆಯ ಕಿವಿಗೆ ಚೀಟಿ ಕಟ್ಟಿ ಒಳಗೆ ಒಯ್ಯುತ್ತಿದ್ದ. ಒಳಗೆ ಕತ್ತಲಲ್ಲಿ ಇನ್ನೆಷ್ಟೋ ಬಿಂದಿಗೆ, ಕೊಳಗ, ಕೊಪ್ಪರಿಗೆ ಒಂದರ ಮೇಲೊಂದು ಕೂತಿರುತ್ತಿದ್ದವು. ಮೈಸೂರಿನ ಫೀಸು, ಬಾಣಂತನ, ತಿಥಿಗಳೆಲ್ಲ ಚೀಟಿ ಕಟ್ಟಿಸಿಕೊಂಡು ಅಲ್ಲಿ ಒಟ್ಟಿಗೆ ಇದ್ದವು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಇಷ್ಟೇ: ನಾಳೆಯಿಂದ ಸೀಮೆಎಣ್ಣೆ ಡಬ್ಬದಲ್ಲಿ ಕಾಯಿಸಿದ ನೀರಿನ ಸ್ನಾನ. ಎಷ್ಟು ತೊಳೆದರೂ ಆ ಡಬ್ಬದ ನೀರು ವಾಸನೆ ಬರುತ್ತಿತ್ತು. ಜೂನಿನಿಂದ ಅಕ್ಟೋಬರಿನವರೆಗೆ ನಾನು ಸ್ಕೂಲಿನಲ್ಲಿ ಬೆಂಕಿಪೊಟ್ಟಣದಿಂದ ದೂರವೇ ಕೂರುತ್ತಿದ್ದೆ.

ಹಂಡೆ ತಿರುಗಿ ಬರುವುದಕ್ಕೂ ಒಂದು ಗಡುವು ಇತ್ತು, ನೀರು ತುಂಬುವ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕಂಠಕ್ಕೆ ಹಾಗಲ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಡಬ್ಬಕ್ಕೆ ಹಾಗಲ ಬಳ್ಳಿ ಕಟ್ಟಲಾದೀತೇ? ಹಾಗಾಗಿ ಅಪ್ಪನ ಹಬ್ಬದ ಮುಂಗಡ ಬಟ್ಟೆ ಅಂಗಡಿಗೆ ಹೋಗುವ ಮೊದಲು ಸೇಟಿನ ಅಂಗಡಿಗೆ ಹೋಗುತ್ತಿತ್ತು. ಬಿಡಿಸಿಕೊಂಡು ಬರುವ ದಿನ ಮಾತ್ರ ಸೀರೆ ಸುತ್ತುತ್ತಿರಲಿಲ್ಲ. ಹಾಡುಹಗಲೇ, ಜಟಕಾದ ಮುಂದಿನ ಸೀಟಿನಲ್ಲಿ, ಎಲ್ಲರಿಗೂ ಕಾಣುವಂತೆ. "ಕಲಾಯಿ ಚೆನ್ನಾಗಿ ಬಂದಿದೆಯಲ್ಲ" ಎನ್ನುತ್ತಿದ್ದರು ವಠಾರದವರು. ಹೋದಾಗ ಇದ್ದಂತೆಯೇ ಬಂದಿರುತ್ತಿತ್ತು, ಒತ್ತಿಲ್ಲದ 'ಮ' ಸಮೇತ.

ಹೈಸ್ಕೂಲು ಮೂರು ವರ್ಷ, ಪಿಯುಸಿ ಎರಡು, ಬಿಕಾಂ ಮೂರು. ಎಂಟು ಸಲ ಆ ಹಂಡೆ ನನಗಾಗಿ ಹೋಗಿ ಬಂತು. ನಮ್ಮ ಮನೆಯ ಭಾಷೆಯಲ್ಲಿ ಆ ಮಾತು ಹಾಗೇ ಉಳಿದುಕೊಂಡಿತು. ಯಾರ ಕೈಯಲ್ಲಾದರೂ ದುಡ್ಡು ಇಲ್ಲವೆಂದರೆ "ಅವರದು ಈ ತಿಂಗಳು ಕಲಾಯಿಗೆ ಹೋಗಿದೆ" ಎನ್ನುತ್ತಿದ್ದೆವು. ತಾಮ್ರದ ಕಾಸು ತಾಯಿ ಮಕ್ಕಳನ್ನು ಕೆಡಿಸಿತು ಎಂದು ಗಾದೆಯೊಂದಿದೆಯಲ್ಲ, ಅದನ್ನು ಮಾಡಿದವರ ಮನೆಯಲ್ಲಿ ಹಂಡೆ ಇರಲಿಲ್ಲ ಎಂಬುದು ಅಜ್ಜಿಯ ವಾದ.

ದೊಡ್ಡವರೂ ತಾಮ್ರವನ್ನು ನಂಬಿದವರೇ. ರಾಜರು ಬ್ರಾಹ್ಮಣರಿಗೆ ಭೂಮಿ ಬರೆದುಕೊಟ್ಟದ್ದು ತಾಮ್ರಪಟದ ಮೇಲೆ, ಅವಧಿ ಆಚಂದ್ರಾರ್ಕ. ಇವತ್ತಿನ ಮ್ಯೂಚುಯಲ್ ಫಂಡಿನವರು ದೀರ್ಘಾವಧಿ ಎಂದರೆ ಏಳು ವರ್ಷ ಎನ್ನುತ್ತಾರೆ. ಆ ರಾಜರದು ಸೂರ್ಯಚಂದ್ರ ಇರುವ ತನಕ. ಅದರಲ್ಲೂ ಮೋಸವಿತ್ತು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಆಮೇಲೆ ಯಾರೋ ಕೊರೆಸಿಕೊಂಡ ಕೂಟ ಶಾಸನಗಳೆಂದು ಶಾಸನತಜ್ಞ ಫ್ಲೀಟ್ ಸಾಹೇಬರು ಜಗಳ ತೆಗೆದಿದ್ದರು. ದಾನ ಸುಳ್ಳಾದರೂ ತಾಮ್ರವಂತೂ ಅಸಲಿ. ಟಿಪ್ಪುವಿನ ತಾಮ್ರದ ನಾಣ್ಯಕ್ಕೆ ಆನೆಯ ಚಿತ್ರ, ಹೆಸರು ಮಾತ್ರ ಆಕಾಶದ್ದು: ಪೈಸೆಗೆ ಜೊಹ್ರಾ ಎಂದರೆ ಶುಕ್ರ, ಅರ್ಧಕ್ಕೆ ಬಹ್ರಾಮ್ ಎಂದರೆ ಮಂಗಳ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನ ಮೇಲೂ ಆನೆ, ಮೇಲೆ 'ಶ್ರೀ', ಹಿಂದೆ ಕನ್ನಡದಲ್ಲಿ 'ಮಯಿಲಿ ಕಾಸು 20'. ಇಪ್ಪತ್ತನೇ ಶತಮಾನಕ್ಕೆ ಬಂದರೆ, ಯುದ್ಧಕಾಲದಲ್ಲಿ ಲೋಹ ಉಳಿಸಲು ಕಾಲಾಣೆಯ ನಡುವೆ ತೂತು ಕೊರೆದರು. ಅಪ್ಪ ಅದನ್ನು ಉಡಿದಾರಕ್ಕೆ ಪೋಣಿಸಿಕೊಂಡಿದ್ದರಂತೆ. ಅಮೆರಿಕದವರು ಪೆನ್ನಿಯಲ್ಲಿ ತಾಮ್ರ ತುಂಬ ದುಬಾರಿಯಾಯಿತೆಂದು 1982ರಲ್ಲಿ ಸತು ತುಂಬಿ ಮೇಲೆ ತಾಮ್ರ ಸವರಿದರು, 2025ರಲ್ಲಿ ಅದನ್ನೂ ನಿಲ್ಲಿಸಿದರು. ಅವರ ಪೆನ್ನಿಯೂ ಕಲಾಯಿಗೆ ಹೋಗಿತ್ತು ಎನ್ನಿ. ನಮ್ಮ ಮೈಸೂರಿಗೆ ಆ ತಾಪತ್ರಯವಿಲ್ಲ. 1996ರಿಂದ ಇಲ್ಲೇ ನೋಟು ಅಚ್ಚಾಗುತ್ತದೆ, ಕಾಗದಕ್ಕೆ ತೂಕ ನೋಡುವವರಿಲ್ಲ.

ಹಂಡೆ ಕಳೆದದ್ದು ನನ್ನಿಂದಲೇ. ಬ್ಯಾಂಕಿಗೆ ಸೇರಿ ಐದು ವರ್ಷ, 1986. ಅಜ್ಜಿ ಹೋಗಿ ಎರಡು ವರ್ಷವಾಗಿತ್ತು. ಬಾಡಿಗೆಗೆ ಹಿಡಿದ ಹೊಸ ಮನೆಯ ಬಚ್ಚಲಲ್ಲಿ ಒಲೆ ಇರಲಿಲ್ಲ, ಬಿಳಿ ಟೈಲ್ಸು ಇತ್ತು, ಗೋಡೆಗೆ ಗೀಸರು. ಹಂಡೆ ಹಿತ್ತಲಲ್ಲಿ ಬೋರಲಾಗಿ ಬಿದ್ದು ಅದರ ಮೇಲೆ ಬೆಕ್ಕು ಮಲಗುತ್ತಿತ್ತು. ಒಂದು ದಿನ ಸ್ಟೀಲ್ ಪಾತ್ರೆ ಹೊತ್ತವನೊಬ್ಬ ಹಳೇ ತಾಮ್ರಕ್ಕೆ ಹೊಸ ಸ್ಟೀಲು ಎಂದು ಕೂಗುತ್ತ ಬಂದ. ಅಮ್ಮ ಅನುಮಾನಿಸಿದರು. ಆಗ ದೊಡ್ಡ ಹಣಕಾಸು ತಜ್ಞನಾದ ನಾನು, "ಏನೂ ಹುಟ್ಟದ ಆಸ್ತಿ ಇಟ್ಟುಕೊಂಡು ಏನಮ್ಮ ಮಾಡೋದು?" ಎಂದೆ. ಎಂಟು ಸಲ ಹುಟ್ಟಿದ್ದನ್ನೆಲ್ಲ ಓದಿ ತಿಂದು ತೇಗಿದವನು ನಾನೇ.

ಬದಲಿಗೆ ಬಂದದ್ದು ಒಂದು ಸ್ಟೀಲ್ ಡ್ರಮ್ಮು, ಎರಡು ಡಬರಿ, ಮುಚ್ಚಳವಿರುವ ಒಂದು ಹಾಲಿನ ಕ್ಯಾನು. ಕ್ಯಾನಿನ ಮುಚ್ಚಳ ಆ ವಾರವೇ ಕಳೆಯಿತು. ಅವನು ಹಂಡೆಯನ್ನು ತೂಗಿದಾಗ ಅಭ್ಯಾಸಬಲದಿಂದ ಮುಳ್ಳು ನೋಡಿದೆ. ಹತ್ತೂಮುಕ್ಕಾಲು. "ಸವೆದಿದೆ ಸ್ವಾಮಿ" ಎಂದ. ಜಗಳಕ್ಕೆ ಅಜ್ಜಿ ಇರಲಿಲ್ಲ.

ಈಗ ಹುಡುಗನ ಗಟ್ಟಿಗಳು ಮನೆಗೆ ಬಂದ ಮೇಲೆ ಆ ಲೆಕ್ಕ ತಲೆಗೆ ಹತ್ತಿತು. ಹಂಡೆ ಇಟ್ಟುಕೊಂಡಿದ್ದರೆ ಇವತ್ತಿಗೆ ಎಷ್ಟು? 1980ರ ಸುಮಾರಿಗೆ ಲಂಡನ್ನಿನಲ್ಲಿ ತಾಮ್ರ ಟನ್ನಿಗೆ ಎರಡು ಸಾವಿರ ಡಾಲರಿನ ಆಸುಪಾಸು, ಡಾಲರಿಗೆ ಎಂಟು ರೂಪಾಯಿ. 2025ರ ಕೊನೆಗೆ ಹನ್ನೆರಡು ಸಾವಿರ ಡಾಲರು, ಡಾಲರಿಗೆ ತೊಂಬತ್ತು ರೂಪಾಯಿ. ತಾಮ್ರ ತಾನಾಗಿ ಏರಿದ್ದು ಆರು ಪಟ್ಟು, ರೂಪಾಯಿ ಜಾರಿದ್ದು ಹನ್ನೊಂದು ಪಟ್ಟು. ಏರಿದವನಿಗಿಂತ ಜಾರಿದವನ ಕೊಡುಗೆಯೇ ಹೆಚ್ಚು. ಅಷ್ಟೇ ಕಾಲದಲ್ಲಿ ಚಿನ್ನ ಹತ್ತು ಗ್ರಾಮಿಗೆ ಸಾವಿರದ ಮುನ್ನೂರು ಚಿಲ್ಲರೆಯಿಂದ ಒಂದೂಕಾಲು ಲಕ್ಷ ದಾಟಿದೆ, ನೂರು ಪಟ್ಟಿಗೆ ಹತ್ತಿರ. ಆದ್ದರಿಂದ ಬುಲಿಯನ್ ವಿಚಾರದಲ್ಲಿ ನನ್ನ ಹೆಂಡತಿಯ 'ಓ' ಸರಿ. ಕೊಳ್ಳುವಾಗ ತೆರಿಗೆ, ಮುದ್ರೆಗೆ ಕೊಡಬೇಕು, ಮಾರುವಾಗ ಗುಜರಿಯವನಿಗೆ ಬಿಡಬೇಕು. ನಡುವೆ ಬೆಲೆ ಮೂರು ಪಟ್ಟಾದರೆ ಅಸಲು ಕೈಸೇರೀತು. ನೀರಂತೂ ಕಾಯುವುದಿಲ್ಲ.

ಲೆಕ್ಕ ಏನೇ ಹೇಳಲಿ, ದೀಪಾವಳಿಗೆ ವಾರ ಇರುವಾಗ ಒಂದು ಹಳೇ ಸಾಮಾನಿನ ಅಂಗಡಿಗೆ ಹೋದೆ. ಹಳೇ ಬಾಗಿಲು, ಹಳೇ ಗಡಿಯಾರ, ಗ್ರಾಮಫೋನಿನ ಕಹಳೆಗಳ ನಡುವೆ ನಾಲ್ಕು ಹಂಡೆ ಇದ್ದವು.

"ಗಿಡ ಹಾಕೋಕಾ ಸಾರ್, ಕೊಡೆ ಇಡೋಕಾ?" ಎಂದ ಅಂಗಡಿಯವನು.

"ಸ್ನಾನಕ್ಕೆ."

ಅವನು ನಾನು ತಮಾಷೆ ಮಾಡುತ್ತಿದ್ದೇನೆಂದು ನಕ್ಕ. ಕಿಲೋಗೆ ಎಷ್ಟು ಎಂದೆ. "ತೂಕಕ್ಕಿಲ್ಲ ಸಾರ್, ಇದು ಆಂಟಿಕ್. ಪೀಸು ಹದಿನೆಂಟು ಸಾವಿರ." ಕೊಡುವಾಗ ತೂಕ, ಕೊಳ್ಳುವಾಗ ಪೀಸು. ಸವೆದದ್ದಕ್ಕೆ ಆಗ ಮುರಿದುಕೊಂಡರು, ಸವೆದದ್ದಕ್ಕೇ ಈಗ ಮೇಲೆ ಕೇಳುತ್ತಾರೆ. ನಾನು ಮಂಡಿಯೂರಿ ಒಂದೊಂದರ ಕಂಠಕ್ಕೂ ಕನ್ನಡಕ ಹಚ್ಚಿ ನೋಡಿದೆ. ಒಂದರ ಮೇಲೆ ಹೆಸರಿಲ್ಲ. ಒಂದರ ಮೇಲೆ ಯಾವುದೋ ಮಠದ ಹೆಸರು. ಮೂರನೆಯದು ಗಂಡಸಿನದು. ನಾಲ್ಕನೆಯದರಲ್ಲಿ ಚುಕ್ಕಿ ಅಕ್ಷರ, ಹೆಂಗಸಿನ ಹೆಸರು, ಎದೆ ಡವಗುಟ್ಟಿತು. ಬೆರಳಿಟ್ಟು ಕೊನೆಯವರೆಗೂ ಸವರಿಕೊಂಡು ಹೋದೆ. 'ಮ'ದ ಕೆಳಗೆ ಒತ್ತು ದುಂಡಗೆ, ಮುದ್ದಾಗಿ, ಸ್ಪಷ್ಟವಾಗಿ ಇತ್ತು. ಯಾರ ಅಜ್ಜಿಯೋ. ಅವರಪ್ಪ ಕಾಸು ಬಿಚ್ಚಿದ್ದರು.

ನೀರು ತುಂಬುವ ಹಬ್ಬದ ಸಂಜೆ ನನ್ನವಳು ಪಕ್ಕದ ಮನೆಯ ಕುಂಡದಿಂದ ಹಾಗಲ ಬಳ್ಳಿ ತಂದು, ಸ್ಟೂಲು ಹತ್ತಿ ಗೀಸರಿಗೆ ಸುತ್ತಿದಳು. ಎರಡು ಬೊಟ್ಟು ಸುಣ್ಣ, ನಡುವೆ ಕೆಮ್ಮಣ್ಣು. ಪ್ರತಿ ವರ್ಷ ಮಾಡುತ್ತಾಳೆ, ಗೀಸರಿನ ಸ್ಟಾರ್ ಸ್ಟಿಕ್ಕರು ಮುಚ್ಚದ ಹಾಗೆ. ಗಟ್ಟಿಗಳಿಗೂ ಅಷ್ಟರಲ್ಲಿ ಅವಳು ಕೆಲಸ ಹುಡುಕಿದ್ದಳು. ನಾಲ್ಕು, ಮಹಡಿಯಲ್ಲಿ ಗೋಧಿ ಒಣಗಿಸುವ ಪಂಚೆಯ ನಾಲ್ಕು ಮೂಲೆಗೆ. ಐದನೆಯದು ಬಚ್ಚಲ ಬಾಗಿಲು ಹೊಡೆದುಕೊಳ್ಳದಂತೆ. ಇಬ್ಬನಿಗೆ, ಬೆವರಿನ ಬೆರಳಿಗೆ 999.9 ಕಂದಿ ಕಪ್ಪು ಮಚ್ಚೆ ಬಿದ್ದಿತ್ತು. ಹಬ್ಬಕ್ಕೆಂದು ಅವಳು ಐದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿದಳು. ತಂದ ದಿನಕ್ಕಿಂತ ಕೆಂಪಾದವು.

ಡಿಸೆಂಬರ್ ಕೊನೆಯ ವಾರ ಹುಡುಗ ಬಂದ, ದಿನ ಮೊದಲೇ ತಿಳಿಸದೆ. ಲಂಡನ್ನಿನಲ್ಲಿ ಹನ್ನೆರಡು ಸಾವಿರ ದಾಟಿದೆ, ಇಲ್ಲಿ ಕಿಲೋ ಸಾವಿರದ ನೂರರ ಮೇಲಿದೆ, ಲಾಭ ತೆಗೆದುಕೊಂಡುಬಿಡೋಣ ಎಂದ. ಎರಡು ಸಾವಿರದ ಇನ್ನೂರಕ್ಕೆ ತಂದದ್ದರಲ್ಲಿ ಯಾವ ಲಾಭ ಎಂದು ನಾನು ಕೇಳಲಿಲ್ಲ. ಗಡ್ಡ ಬಿಟ್ಟಿದ್ದ. ಊಟಕ್ಕೆ ಕೂತಾಗ ಫೋನನ್ನು ಬೋರಲು ಇಟ್ಟುಕೊಂಡಿದ್ದ. ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿಗೆ ಜೊತೆಗೆ ಹೋದೆ. ಅಂಗಡಿಯವನು ಮುದ್ರೆಯನ್ನು ತಿರುಗಿಯೂ ನೋಡದೆ ಗರಗಸ ತೆಗೆದು ಒಂದು ಗಟ್ಟಿಯ ಮೂಲೆಯನ್ನು ಕುಯ್ದ. ಒಳಗೂ ಕೆಂಪೇ. "ಎಂಟುನೂರೈವತ್ತು" ಎಂದ. ಹುಡುಗ ಚೌಕಾಸಿ ಮಾಡಲಿಲ್ಲ. ಐದಕ್ಕೆ ನಾಲ್ಕು ಸಾವಿರದ ಇನ್ನೂರೈವತ್ತು.

ಬರುವಾಗ ಆಟೋದಲ್ಲಿ ಹೇಳಿದ. ನವೆಂಬರಿನಲ್ಲಿ ಅವನ ಕಂಪನಿಯಲ್ಲಿ ಒಂದಿಡೀ ತಂಡವನ್ನೇ ತೆಗೆದಿದ್ದರು. "ಅಮ್ಮನಿಗೆ ಹೇಳಬೇಡಿ ಮಾವ, ಜನವರಿಯಲ್ಲಿ ಎರಡು ಇಂಟರ್‌ವ್ಯೂ ಇದೆ." ನಾನು ಜೇಬಿಗೆ ಕೈ ಹಾಕಿದೆ. "ಬೇಡ ಮಾವ, ನನ್ನದೇ ಇದೆಯಲ್ಲ" ಎಂದು ಆ ನಾಲ್ಕು ಸಾವಿರದ ಇನ್ನೂರೈವತ್ತು ಇದ್ದ ಜೇಬನ್ನು ಒಮ್ಮೆ ತಟ್ಟಿಕೊಂಡ. ಖಾಲಿ ಚೀಲ ಬೆನ್ನಿಗೆ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ.

ಮಂಡ್ಯದಿಂದ ತಂಗಿಯ ಫೋನು ಬಂದದ್ದು ಮರುದಿನ ಬೆಳಿಗ್ಗೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಶುರುಮಾಡಿದಿರಾ, ಮಂಡಿನೋವು ಹೇಗಿದೆ, ಎಲ್ಲ ಆಯಿತು. ಆಮೇಲೆ, "ಅಣ್ಣ, ಇವನು ನಿನ್ನ ಹತ್ತಿರ ಅದೇನೋ ತಾಮ್ರದ ಗಟ್ಟಿ ಇಟ್ಟಿದ್ದನಲ್ಲ, ಹಾಗೇ ಇದೆಯೇನೋ?"

ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ಇಲ್ಲ ಕಣೇ. ಕಲಾಯಿಗೆ ಹೋಗಿದೆ."

ಆ ಕಡೆ ಕುಕ್ಕರು ಒಂದು ಸಲ ಕೂಗಿತು. ಇನ್ನೊಂದು ಸಲವೂ ಕೂಗಿತು. ಅವಳು ಒಲೆ ಆರಿಸಿದ್ದು ಕೇಳಿಸಿತು.

"ಪೀಜಿಗೆ ಎಷ್ಟನೇ ತಾರೀಕಿಗೆ ಕಟ್ಟಬೇಕಂತೆ?" ಎಂದಳು.